ಕಂಬಳಿಯ ಮಗಳು

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವನು ಒಮ್ಮೆಯೂ ನಗೆಪಾಟಲಾಗದೆ ನಿವೃತ್ತನಾದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಪುಣ್ಯಾತ್ಮ ಆಫೀಸು ಬಿಟ್ಟು ಹೊರಗೆ ಕಾಲಿಟ್ಟಿರಲಿಕ್ಕಿಲ್ಲ. ನನ್ನನ್ನು ನೋಡಿ ನಕ್ಕವರು ಸಿದ್ದಾಪುರದಲ್ಲಿ ಇದ್ದಾರೆ. ಅಲ್ಲಿ ಹೆಬ್ಬಾವು ಹಿಡಿಯುತ್ತೇನೆಂದು ಪೊದೆಗೆ ಕೈಹಾಕಿ ಯಾರದೋ ತೋಟದ ನೀರಿನ ಪೈಪು ಕಿತ್ತು ತಂದಿದ್ದೆ. ಶಿರಸಿಯಲ್ಲಿ ಇದ್ದಾರೆ, ಅಲ್ಲಿ ಮಂಗ ಓಡಿಸಲು ಹೋದ ನನ್ನ ಟೊಪ್ಪಿಯನ್ನು ಮಂಗ ಹಾಕಿಕೊಂಡು ಮಾಡಿನ ಮೇಲೆ ಕೂತಿತ್ತು. ಆದರೆ ಅವೆಲ್ಲ ಒಂದು ದಿನದ ನಗು. ಯಲ್ಲಾಪುರದಲ್ಲಿ ಒಂದು ಕರಡಿಮರಿ ನನ್ನನ್ನು ಎರಡು ವರ್ಷ ಪೂರ್ತಿ ನಗೆಪಾಟಲು ಮಾಡಿತು. ಆ ಎರಡು ವರ್ಷ ಇನ್ನೊಮ್ಮೆ ಬರುವುದಾದರೆ ಊರೆಲ್ಲ ಬೇಕಾದಷ್ಟು ನಗಲಿ, ನನಗೆ ಅಡ್ಡಿಯಿಲ್ಲ.

ಕೊಪ್ಪೆಯಲ್ಲಿ ಬಂದದ್ದು

ಆಗ ನಮ್ಮ ವಾಸ ಮಾಗೋಡಿನ ದಾರಿಯ ಒಂದು ಕ್ವಾರ್ಟರ್ಸಿನಲ್ಲಿ. ನಾನು, ನನ್ನ ಹೆಂಡತಿ, ಇಬ್ಬರೇ. ನಮಗೆ ಮಕ್ಕಳಿಲ್ಲ. ಇದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಮುಂದೆ ಇಡೀ ಊರು ಈ ವಿಷಯಕ್ಕೆ ಕೈಹಾಕುತ್ತದೆ.

ಚಳಿಗಾಲದಲ್ಲಿ ಕಾಡಿನೊಳಗೆ ಒಂದು ಬಂಡೆ ಜರುಗಿ ಕರಡಿಯ ಗುಹೆಯ ಬಾಯಿ ಕುಸಿದಿತ್ತು. ತಾಯಿ ವಾಪಸ್ ಬರಬಹುದು ಅಂತ ನಾನೂ ಜೊತೆಯ ಗಾರ್ಡುಗಳೂ ದೂರದಲ್ಲಿ ಅಡಗಿ ಕಾದೆವು. ಬರಲಿಲ್ಲ. ಸಂದಿಯೊಳಗಿನ ಕುಂಯ್ ಕುಂಯ್ ಸದ್ದು ಮಾತ್ರ ಸಣ್ಣದಾಗುತ್ತಾ ಬಂತು. ಕೊನೆಗೆ ಕೈಹಾಕಿ ಮರಿಯನ್ನು ತೆಗೆದು, ತಲೆಯಿಂದ ಬೆನ್ನಿಗೆ ಇಳಿಬಿಟ್ಟಿದ್ದ ನನ್ನ ಕಂಬಳಿಕೊಪ್ಪೆಯಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಹುಟ್ಟಿ ಕೆಲವೇ ದಿನದ ಕರಡಿಮರಿಯನ್ನು ನೋಡಿದ್ದೀರಾ? ಅದರಲ್ಲಿ ಕರಡಿ ಅನ್ನುವಂಥದ್ದು ಏನೂ ಇರುವುದಿಲ್ಲ. ಅಂಗೈಯಗಲದ ಮೈ, ಮುಚ್ಚಿದ ಕಣ್ಣು, ಕಿವಿ ಇದೆಯೋ ಇಲ್ಲವೋ ಅನ್ನುವ ಹಾಗೆ. ಹೆಂಡತಿ ಕಂಬಳಿ ಬಿಡಿಸಿ ನೋಡಿದಳು.

"ಎಂತ ಇದು, ಹೆಗ್ಗಣವಾ?"

"ಕರಡಿ."

"ಕರಡಿ ಹೇಳಿರೆ ಇಷ್ಟೇಯಾ? ಇದ್ಕೆ ಹೆದ್ರಿ ನಿಂಗ ಇಷ್ಟು ವರ್ಷ ಓಡ್ತಾ ಇದ್ದಿದ್ದಾ?"

ಸಂಜೆ ನಮ್ಮ ರೇಂಜರ್ ಸಾಹೇಬರು ಬಂದರು. ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ನಿಯಮ ಅಂದರೆ ನಿಯಮ. ಜಗುಲಿಯಲ್ಲಿ ನಿಂತೇ ಹೇಳಿದರು: "ನೋಡ್ರಿ, ಈಗ ಇದನ್ನ ದೂರ ಸಾಗಿಸಿದ್ರ ಉಳಿಯಂಗಿಲ್ಲಂತ ಡಾಕ್ಟ್ರು ಹೇಳ್ಯಾರ. ಮ್ಯಾಲಿನವರೂ ಒಪ್ಪ್ಯಾರ. ನೀವಿಬ್ರೂ ಸಾಕ್ರಿ. ಆದ್ರ ಎರಡು ಮಳಿಗಾಲ ದಾಟೋದ್ರಾಗ ಇದು ಕಾಡಿನ ಕರಡಿ ಆಗ್ಬೇಕು. ಮನಷ್ಯಾರ್ನ ಕಂಡ್ರ ದೂರ ಸರೀಬೇಕು. ಇಲ್ಲಾಂದ್ರ ಜೀವಮಾನ ಪೂರ್ತಿ ಪಂಜರಾನ ಗತಿ. ಅದಕ್ಕ, ಹೆಸರಿಡಬ್ಯಾಡ್ರಿ, ಮುದ್ದು ಮಾಡಬ್ಯಾಡ್ರಿ."

ಅಷ್ಟರಲ್ಲಿ ಒಳಗಿಂದ ನನ್ನ ಹೆಂಡತಿಯ ದನಿ ಕೇಳಿಸಿತು: "ಅಳಡ ಕೂಸೇ, ಅಳಡ. ಹಾಲು ಬಂತು."

"ಹೆಸರು ಇಟ್ಟಬಿಟ್ರೇನ್ರಿ?" ಅಂದರು ಸಾಹೇಬರು.

"ಹೆಸರಲ್ಲ ಸಾರ್. ನಮ್ಮಲ್ಲಿ ಎಲ್ಲ ಹೆಣ್ಣುಮಕ್ಕಳನ್ನೂ ಕೂಸು ಅಂತಲೇ ಕರೆಯೋದು."

"ಮತ್ತ ಆ ಮುದ್ದು?"

"ಅದನ್ನೂ ಎಲ್ಲ ಹೆಣ್ಣುಮಕ್ಕಳಿಗೂ ಮಾಡ್ತೇವೆ ಸಾರ್."

ಕರಿ ಮೈಗೆ ಕರಿ ಬೊಟ್ಟು

ಮೂರು ವಾರ ಕಳೆಯುವ ಹೊತ್ತಿಗೆ ಮರಿ ಕಣ್ಣುಬಿಟ್ಟಿತು. ಕಣ್ಣುಬಿಟ್ಟಾಗ ಅದರ ಎದುರಿಗೆ ಇದ್ದದ್ದು ನಾನಲ್ಲ, ನನ್ನ ಹೆಂಡತಿಯೂ ಅಲ್ಲ. ಗೂಟಕ್ಕೆ ನೇತುಹಾಕಿದ್ದ ಕಂಬಳಿ! ಕರಿ ಬಣ್ಣ, ಉದ್ದ ಕೂದಲು, ಕಾಡಿನ ವಾಸನೆ. ತಾಯಿ ಅಂದರೆ ಇದೇ ಅಂತ ಅದು ಅಲ್ಲೇ ತೀರ್ಮಾನ ಮಾಡಿಬಿಟ್ಟಿತು. ಹಾಲು ಕುಡಿಸುವವಳು ನನ್ನ ಹೆಂಡತಿ, ಹೇಲು ಬಾಚುವವನು ನಾನು, ಅಮ್ಮ ಮಾತ್ರ ಕಂಬಳಿ. ನನಗೆ ಹೊಟ್ಟೆ ಉರಿಯಿತು ಅಂತ ಹೇಳಲು ನಾಚಿಕೆಯೇನಿಲ್ಲ.

ಸುದ್ದಿ ಸೋಂದಾಕ್ಕೆ ಮುಟ್ಟಿ ನನ್ನ ಅತ್ತೆ ಬಂದರು. ಮಗಳ ಮನೆಗೆ ಬಾಳಂತನಕ್ಕೆ ಅಂತ ಬರಲು ವರ್ಷಾನುಗಟ್ಟಲೆ ಕಾದವರು ಅವರು. ಬಜೆ, ಜಾಯಿಕಾಯಿ, ಮನೆಯಲ್ಲೇ ಮಾಡಿದ ಕಾಡಿಗೆ ಎಲ್ಲ ಚೀಲದಲ್ಲಿತ್ತು. ಯಾರಿಗೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಜೆ ತೇಯುವುದು ಬೇಡ, ಎಣ್ಣೆ ನೀರು ಹಾಕುವುದು ಬೇಡ ಅಂತ ಕೈಮುಗಿದು ತಡೆದೆವು. "ಆತು, ದೃಷ್ಟಿಬೊಟ್ಟು ಒಂದು ಇಡ್ತೆ. ಅದ್ಕೂ ನಿಂಗಳ ಸಾಹೇಬ್ರ ಅಪ್ಪಣೆ ಬೇಕನಾ?" ಅಂದರು.

ಆದರೆ ಎಲ್ಲಿ ಇಡುವುದು? ಕೆನ್ನೆ ಕಪ್ಪು, ಹಣೆ ಕಪ್ಪು, ಅಂಗಾಲೂ ಕಪ್ಪು. ಅತ್ತೆ ಮರಿಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು. ಎದೆಯ ಮೇಲೆ ಮಾತ್ರ ಕರಡಿಗಳಿಗೆ ಇರುವ ಬಿಳಿ ಗೆರೆ ಇತ್ತು. ಬೇರೆ ಕರಡಿಗಳಿಗೆ ಅದು ಎರಡೂ ಭುಜದ ಕಡೆ ಸಮನಾಗಿ ಏರುತ್ತದೆ. ನಮ್ಮ ಕೂಸಿಗೆ ಎಡಗಡೆ ಪೂರ್ತಿ, ಬಲಗಡೆ ಅರ್ಧಕ್ಕೇ ನಿಂತಿತ್ತು. ಆ ಅರ್ಧದ ತುದಿಗೆ ಅತ್ತೆ ಕಾಡಿಗೆಯ ಬೊಟ್ಟು ಇಟ್ಟರು.

ಮರುದಿನ ಸಾಹೇಬರು ಬಂದು ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು. ಸಂಜೆಗೆ ಫೋನೋ ಫೋನು. ಎದೆಯ ಮೇಲೆ ಕಪ್ಪು ಕಲೆ ಕಾಣುತ್ತಿದೆ, ಚರ್ಮರೋಗ ಇರಬಹುದು, ತಕ್ಷಣ ಪರೀಕ್ಷೆ ಆಗಬೇಕು. ಶಿರಸಿಯಿಂದ ಪಶುವೈದ್ಯರು ಓಡಿ ಬಂದರು. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು. ಹತ್ತಿಯಲ್ಲಿ ಆ ಕಲೆಯನ್ನು ಒರೆಸಿದರು, ಹತ್ತಿ ಕಪ್ಪಾಯಿತು. ಮೂಸಿದರು. ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ.

ಅತ್ತೆಗೆ ಸಿಟ್ಟು ನೆತ್ತಿಗೇರಿತ್ತು. "ಒರೆಸಿಬಿಟ್ರಲ್ಲ! ಶಿರಸಿಂದ ಇಲ್ಲಿವರೆಗೆ ಬಂದು ಹಿಂಗೆ ಕಣ್ಣು ಬಿಟ್ಟು ನೋಡ್ತಾ ಇದ್ರಿ. ಈಗ ನಿಮ್ಮ ದೃಷ್ಟಿಯೇ ತಾಗಿರೆ ಎಂತ ಮಾಡವು?"

ಡಾಕ್ಟರು ಮಾಸ್ಕು ಇಳಿಸಿ, ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇನ್ನೊಂದು ಸಲ ಇಡಿ ಅಮ್ಮಾ, ನಾನು ಆ ಕಡೆ ನೋಡ್ತೇನೆ" ಅಂದರು.

ಎರಡು ತಲೆಯ ಗಾರ್ಡ್

ಕರಡಿಮರಿ ಗುಹೆಯಿಂದ ಹೊರಗೆ ಬಂದ ಮೇಲೆ ತಿಂಗಳುಗಟ್ಟಲೆ ತಾಯಿಯ ಬೆನ್ನ ಮೇಲೇ ಕೂತು ಕಾಡು ನೋಡುತ್ತದೆ. ತಾಯಿಯ ಬೆನ್ನ ಕೂದಲು ಉದ್ದ ಇರುವುದೇ ಅದಕ್ಕೆ. ಹಾಗಾಗಿ ಬೇಸಿಗೆ ಶುರುವಾಗುವ ಹೊತ್ತಿಗೆ ಸಾಹೇಬರ ಹುಕುಂ ಆಯಿತು: "ನೀವ ಬೆನ್ನ ಮ್ಯಾಲ ಹೊತ್ಕೊಂಡು ದಿನಾ ಕಾಡು ಸುತ್ತಿಸ್ರಿ."

ಹೊರಲು ನಾನು ತಯಾರು. ಕೂಸು ತಯಾರಿಲ್ಲ. ಅಂಗಿಯ ಬೆನ್ನು ಬೇಡ, ಕಂಬಳಿಯ ಬೆನ್ನೇ ಆಗಬೇಕು. ಉರಿಬಿಸಿಲಿನಲ್ಲಿ ಕಂಬಳಿಕೊಪ್ಪೆ ಹೊದ್ದು ನಾನು ಹೊರಟರೆ ದಾರಿಯಲ್ಲಿ ಸಿಕ್ಕವರೆಲ್ಲ, "ಜ್ವರವಾ ಮಾರಾಯ್ರೇ?" ಅಂತ ಕೇಳುವವರೇ. ಒಳಗೆ ಬೆವರಿನ ಹೊಳೆ, ಹೊರಗೆ ಎರಡೂ ಭುಜಕ್ಕೆ ಕಚ್ಚಿಕೊಂಡ ಐದೈದು ಉಗುರು.

ಒಂದು ದಿನ ದೊಡ್ಡ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ಮಾಗೋಡು ಜಲಪಾತಕ್ಕೆ ಹೋಗುವವರು. ನನ್ನ ಪಕ್ಕ ಬೈಕು ನಿಲ್ಲಿಸಿ, "ಅಂಕಲ್, ಫಾಲ್ಸಿಗೆ ಯಾವ ದಾರಿ?" ಅಂದರು. ಕೊಪ್ಪೆಯೊಳಗೆ ನಿದ್ದೆ ಮಾಡುತ್ತಿದ್ದ ಕೂಸಿಗೆ ಬೈಕಿನ ಸದ್ದಿಗೆ ಎಚ್ಚರವಾಗಿತ್ತು. ನಾನು ಬಲಗೈ ಎತ್ತಿ "ಸೀದಾ ಹೋಗಿ" ಅನ್ನುವುದಕ್ಕೂ, ನನ್ನ ಕಿವಿಯ ಪಕ್ಕ ಇನ್ನೊಂದು ತಲೆ ಎದ್ದು ಆಕಳಿಸುವುದಕ್ಕೂ ಸರಿಹೋಯಿತು.

ಅವರು ಹೋದದ್ದು ನಾನು ಕೈ ತೋರಿಸಿದ ಕಡೆಗಂತೂ ಅಲ್ಲ. ಒಬ್ಬ ಬೈಕು ಹತ್ತಿ ಹೋದ, ಇನ್ನೊಬ್ಬ ಬೈಕಿಗಿಂತ ಮುಂದೆ ಹೋದ.

ಕೂಸು ಭಾರವಾಗುತ್ತಾ ಹೋಯಿತು. ಡಾಕ್ಟರು ಕೂಡ "ಇನ್ನು ಸಾಕು, ಕೆಳಗೆ ಬಿಡಿ, ನಡೆಯಲಿ" ಅಂದರು. ಹೊತ್ತದ್ದು ನಾನು, ಸೊಂಟ ಹಿಡಿದುಕೊಂಡದ್ದು ನನ್ನದು, ಆದರೂ ಇಳಿಸಿದ ದಿನ ಕಂಬಳಿ ಎಷ್ಟು ಹಗುರವಾಗಿತ್ತು ಅಂದರೆ ನನಗೆ ನಡೆಯಲೇ ಆಗಲಿಲ್ಲ. ಈಗಲೂ ಮಳೆಗಾಲದಲ್ಲಿ ಕಂಬಳಿ ಹೊದ್ದರೆ ಒಂದು ಭುಜ ತಾನಾಗಿ ಬಾಗುತ್ತದೆ.

ಹುತ್ತಕ್ಕೆ ಹರಕೆ

ಕರಡಿಯ ಮುಖ್ಯ ಊಟ ಗೆದ್ದಲು. ತಾಯಿ ಹುತ್ತ ಕೆದರಿ, ಉಫ್ ಅಂತ ಮಣ್ಣು ಹಾರಿಸಿ, ಸೊರ್ ಅಂತ ಗೆದ್ದಲು ಎಳೆದುಕೊಳ್ಳುವುದನ್ನು ನೋಡಿ ಮರಿ ಕಲಿಯಬೇಕು. ನಮ್ಮ ಕೂಸಿಗೆ ತಾಯಿ ಅಂದರೆ ಕಂಬಳಿ. ಕಂಬಳಿಯ ಒಳಗೆ ಇದ್ದದ್ದು ನಾನು. ಅಂದಮೇಲೆ ಉಫ್ ಅನ್ನಬೇಕಾದವನೂ ನಾನೇ.

ಕೇರಿಯ ಹಿಂದೆ ಹಾಡಿಯಲ್ಲಿ ಒಂದು ದೊಡ್ಡ ಹುತ್ತ ಇತ್ತು. ದಿನಾ ಬೆಳಿಗ್ಗೆ ಕಂಬಳಿ ಹೊದ್ದು, ಮೊಣಕಾಲೂರಿ, ಮುಖ ಹುತ್ತಕ್ಕೆ ತಾಗಿಸಿ ಉಫ್, ಸೊರ್, ಉಫ್, ಸೊರ್. ಕೂಸು ಪಕ್ಕದ ಪೊದೆಯಲ್ಲಿ ಕೂತು ಶಾಲೆಗೆ ಬಂದ ಮಗುವಿನ ಹಾಗೆ ಆಚೆ ಈಚೆ ನೋಡುತ್ತಿತ್ತು, ಪಾಠದ ಕಡೆ ಬಿಟ್ಟು.

ಸೊಪ್ಪಿಗೆ ಹೋಗುವ ಹೆಂಗಸರು ಇದನ್ನು ದೂರದಿಂದ ನೋಡಿದರು. ಅವರಿಗೆ ಕಂಡದ್ದು ಪೊದೆಯೊಳಗಿನ ಕರಡಿಯಲ್ಲ. ಮಕ್ಕಳಿಲ್ಲದ ಗಾರ್ಡ್ ದಿನಾ ಬೆಳಿಗ್ಗೆ ನಾಗರ ಹುತ್ತಕ್ಕೆ ಅಡ್ಡಬೀಳುತ್ತಿದ್ದಾನೆ, ಅದೂ ಬುಸುಗುಡುತ್ತಾ! ಎಂಥ ಕಠಿಣ ಹರಕೆ! ಕೇರಿಯವರಿಗೆಲ್ಲ ಕರುಳು ಚುರುಕ್ ಅಂದಿತು.

ಮರುದಿನ ನಾನು ಹೋಗಿ ನೋಡಿದರೆ ಹುತ್ತಕ್ಕೆ ಅರಿಶಿನ ಕುಂಕುಮ, ಸಿಂಗಾರದ ಹೂವು, ಎದುರಿಗೆ ಬಟ್ಟಲಲ್ಲಿ ಹಾಲು, ಎರಡು ಬಾಳೆಹಣ್ಣು. ನಾನು ಬಾಯಿಬಿಡುವುದರೊಳಗೆ ಕೂಸು ಹಾಲು ಕುಡಿದು, ಹಣ್ಣು ಸಿಪ್ಪೆಸಮೇತ ನುಂಗಿ, ಬಟ್ಟಲು ನೆಕ್ಕಿ ಪಾಠಕ್ಕೆ ಕೂತಿತು. ಸಂಜೆ ಹೆಂಗಸರು ಬಂದು ಖಾಲಿ ಬಟ್ಟಲು ನೋಡಿದರು. ನಾಗಪ್ಪ ಹಾಲು ಸ್ವೀಕರಿಸಿದ್ದಾನೆ. ಇನ್ನೇನು ಬೇಕು?

ಅಲ್ಲಿಂದ ಮುಂದೆ ನನ್ನ ಹೆಂಡತಿಯನ್ನು ನೋಡುವ ರೀತಿಯೇ ಬದಲಾಯಿತು. ಬಾವಿಕಟ್ಟೆಯಲ್ಲಿ ಯಾರೂ ಅವಳಿಗೆ ಕೊಡ ಎತ್ತಲು ಬಿಡುತ್ತಿರಲಿಲ್ಲ. ಒಬ್ಬರು ಹುಳಿ ಮಾವಿನಕಾಯಿ ತಂದು ಸೆರಗಿನ ಮರೆಯಲ್ಲಿ ಕೊಟ್ಟು ಹೋದರು. ನನಗೆ ಕಸಿವಿಸಿ. ಇಷ್ಟು ವರ್ಷ ಅವಳು ಇಂಥ ಮಾತು ಕೇಳಿದಾಗೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆ ದಿನ ಹಾಕಿಕೊಳ್ಳಲಿಲ್ಲ. ಜಗುಲಿಯಲ್ಲಿ ಕೂತು ಮಾವಿನಕಾಯಿಗೆ ಉಪ್ಪು ಮೆಣಸು ಹಚ್ಚಿಕೊಂಡು ತಿನ್ನುತ್ತಾ, ನಗುವನ್ನು ತಡೆಯಲಾಗದೆ ಹೇಳಿದಳು: "ಹೇಳಿಬಿಡ್ಲಾ ಅವ್ಕೆ? ಮಗು ಹುಟ್ಟಿ ಆರು ತಿಂಗಳಾಗಿಹೋತು, ನಿಂಗಳ ನೈವೇದ್ಯ ತಿಂದು ಹಿತ್ಲಲ್ಲಿ ಮಲಗಿದ್ದು ಹೇಳಿ?"

ನೇರಲೆ ಮರದ ಟ್ರೇನಿಂಗ್

ಗೆದ್ದಲು ಆಯಿತು, ಆಮೇಲೆ ಮರ. ಹಣ್ಣಿಗೆ, ಜೇನಿಗೆ, ಹುಲಿ ಚಿರತೆ ಬಂದರೆ ಜೀವಕ್ಕೆ, ಎಲ್ಲದಕ್ಕೂ ಮರ ಹತ್ತಲು ಬರಬೇಕು. ಕೂಸು ನೇರಲೆ ಮರದ ಬುಡದಲ್ಲಿ ಕೂತು ಬಿದ್ದ ಹಣ್ಣು ತಿನ್ನುವುದರಲ್ಲೇ ಸುಖ ಕಂಡಿತ್ತು. ಹತ್ತಿ ತೋರಿಸದೆ ಬೇರೆ ದಾರಿ ಇರಲಿಲ್ಲ. ನನ್ನ ಹೊಟ್ಟೆ ಆಗಲೂ ಸಣ್ಣದೇನಲ್ಲ.

ಕಂಬಳಿ ಸಮೇತ ಹೇಗೋ ತೆವಳಿ ಮೊದಲ ಕವೆ ಮುಟ್ಟಿದೆ. ಕೂಸು ಕೆಳಗಿಂದ ಎರಡು ನಿಮಿಷ ನೋಡಿತು. ಆಮೇಲೆ ಸರಸರನೆ ಬಂದು, ನನ್ನ ತಲೆಯ ಮೇಲೆ ಕಾಲಿಟ್ಟು, ನನ್ನನ್ನು ದಾಟಿ ತುದಿಗೆ ಹೋಯಿತು. ನನಗೆ ಕಣ್ಣಲ್ಲಿ ನೀರು ಬಂತು. ಹೊಟ್ಟೆ ತುಂಬ ಹಣ್ಣು ತಿಂದು, ಮತ್ತೆ ನನ್ನ ತಲೆಯ ಮೇಲೇ ಕಾಲಿಟ್ಟು ಇಳಿದು, ಬುಡದಲ್ಲಿ ಇಟ್ಟಿದ್ದ ನನ್ನ ಬುತ್ತಿಯನ್ನು ಬಿಚ್ಚಿತು.

ಇಳಿಯಬೇಕು ಅಂತ ನೋಡಿದರೆ ನನ್ನ ಕಾಲಿಗೆ ಆಧಾರ ಸಿಗುತ್ತಿಲ್ಲ. ಕೆಳಗೆ ದೋಸೆ ಮುಗಿಯುತ್ತಿದೆ. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ರೇಂಜರ್ ಸಾಹೇಬರು ಇಬ್ಬರು ಆಳು, ಒಂದು ಏಣಿ ಹಿಡಿದುಕೊಂಡು ಬಂದರು. ಮರದ ಮೇಲೆ ನನ್ನನ್ನು ನೋಡಿದರು. ಮರದ ಕೆಳಗೆ ಬಾಯಿ ಒರೆಸಿಕೊಳ್ಳುತ್ತಿದ್ದ ಕರಡಿಯನ್ನು ನೋಡಿದರು.

"ಟ್ರೇನಿಂಗ್ ಯಾರು ಯಾರಿಗೆ ಕೊಡಾಕತ್ತೀರಿ?" ಅಂದರು.

ತಗಡಿನ ಡಬ್ಬ

ಎರಡನೇ ಮಳೆಗಾಲ ಬಂತು. ಕೂಸು ಈಗ ಕೂಸಲ್ಲ. ಎದ್ದು ನಿಂತರೆ ನನ್ನ ಎದೆಗೆ ಬರುತ್ತಿತ್ತು. ಆಟಕ್ಕೆ ತಳ್ಳಿದರೆ ನಾನು ಹೋಗಿ ಬಚ್ಚಲ ಗೋಡೆಗೆ ಬೀಳುತ್ತಿದ್ದೆ. ಗೆದ್ದಲು, ಇರುವೆ, ಹಣ್ಣು, ಎಲ್ಲ ತಾನೇ ಹುಡುಕಿಕೊಳ್ಳುತ್ತಿತ್ತು. ಒಂದೇ ಒಂದು ಬಾಕಿ. ಮನುಷ್ಯರನ್ನು ಕಂಡರೆ ಅದಕ್ಕೆ ಹೆದರಿಕೆ ಇಲ್ಲ. ಕತ್ತಲಾಗುವ ಮುಂಚೆ ನಮ್ಮ ಹಿತ್ತಲಿಗೆ ಬಂದೇ ಬರುತ್ತಿತ್ತು.

ಸಾಹೇಬರು ಬಂದು ಮೆತ್ತಗೆ ಹೇಳಿದರು: "ಇನ್ನ ನೀವಾ ಓಡಿಸ್ಬೇಕ್ರಿ. ತಗಡಿನ ಡಬ್ಬ ಬಡೀರಿ, ಬೈರಿ. ನಿಮ್ಮನ್ನ ಕಂಡ್ರ ಅದಕ್ಕ ಬ್ಯಾಸರ ಬರ್ಬೇಕು. ಇಲ್ಲಾಂದ್ರ ಪಂಜರ ರೆಡಿ ಐತಿ."

ನನ್ನ ಕೈಯಲ್ಲಿ ಆಗಲಿಲ್ಲ. ಹೆಂಡತಿಯೇ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬ ತಗೊಂಡು ಹಿತ್ತಲ ಬಾಗಿಲಲ್ಲಿ ನಿಂತು ಡಣಡಣ ಬಡಿದಳು. "ಹೋಗು! ನಿನ್ನ ಮನೆ ಅಲ್ಲ ಇದು! ಬರಡ ಇಲ್ಲಿಗೆ! ಹೋಗು ಹೇಳಿದ್ನಲೇ!" ಬಾಯಿಯಲ್ಲಿ ಬೈಗುಳ, ಕಣ್ಣಲ್ಲಿ ಧಾರೆ.

ಕೂಸು ಹೋಗಲಿಲ್ಲ. ಕಿವಿ ನಿಮಿರಿಸಿ, ದಾಪುಗಾಲು ಹಾಕಿಕೊಂಡು ಹತ್ತಿರ ಹತ್ತಿರ ಬಂತು. ಹೆಚ್ಚು ಬಡಿದಷ್ಟೂ ಹೆಚ್ಚು ಹತ್ತಿರ ಬಂತು. ಮೆಟ್ಟಿಲ ಬುಡದಲ್ಲಿ ಕೂತು ಬಾಯಿ ಚಪ್ಪರಿಸಿತು.

"ಹೆದ್ರ್ತೇ ಇಲ್ಲೆ! ಎಂತಕ್ಕೆ?" ಅಂತ ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಡಬ್ಬ ನೋಡಿದೆ. ಎರಡು ವರ್ಷದಿಂದ ರಾಗಿ ಗಂಜಿ ಆದ ಕೂಡಲೇ "ಬಾರೇ ಕೂಸೇ" ಅಂತ ಅವಳು ಬಡಿಯುತ್ತಿದ್ದದ್ದು ಇದೇ ಡಬ್ಬವನ್ನು.

ಕೊನೆಗೆ ಗಂಜಿ ನಿಲ್ಲಿಸಿದೆವು, ಡಬ್ಬ ಬಚ್ಚಿಟ್ಟೆವು, ಬಾಗಿಲು ಹಾಕಿಕೊಂಡೆವು. ಅದು ಬಾಗಿಲು ಕೆರೆಯುತ್ತಿತ್ತು. ಒಳಗೆ ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಮನೆಯಲ್ಲಿ ಯಾರೂ ಇಲ್ಲದ ಹಾಗೆ ಕೂತಿರುತ್ತಿದ್ದೆವು. ಕೆರೆಯುವುದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಮಳೆ ಹಿಂದೆ ಸರಿದ ಮೇಲೆ ಅದನ್ನು ಜೀಪಿನಲ್ಲಿ ಒಳಕಾಡಿಗೆ ಒಯ್ದು ಬೋನಿನ ಬಾಗಿಲು ಎತ್ತಿದೆವು. ಹೊರಗೆ ಬಂತು, ಗಾಳಿ ಮೂಸಿತು, ಹೋಯಿತು.

ತಿರುಗಿ ನೋಡಲಿಲ್ಲ. ತಿರುಗಿ ನೋಡಬಾರದು ಅಂತಲೇ ಎರಡು ಮಳೆಗಾಲ ಒದ್ದಾಡಿದವರು ನಾವು. ನೋಡಲಿಲ್ಲವಲ್ಲ ಅಂತ ಆ ರಾತ್ರಿ ಊಟ ಬಿಟ್ಟವರೂ ನಾವೇ. ಮರುದಿನ ಬೆಳಿಗ್ಗೆ ಹೆಂಡತಿ, ಗಂಜಿ ನಿಲ್ಲಿಸಿದ್ದನ್ನೂ ಮರೆತು, ಹಳೇ ಅಭ್ಯಾಸಬಲದಿಂದ ಮೂರು ಜನರ ಗಂಜಿಗೆ ನೀರಿಟ್ಟಿದ್ದಳು. ಮೂರನೆಯವಳ ಪಾಲು ನನಗೇ ಬಿತ್ತು, ಆ ಹೊಟ್ಟೆ ಇನ್ನೂ ಇಳಿದಿಲ್ಲ.

ಚೊಚ್ಚಲ ಬಾಳಂತನ

ಆಮೇಲೆ ವರ್ಷಗಳು ಕಳೆದವು. ಕಾಡಿನ ಬೀಟು ಮುಗಿಸಿ ಮನೆಗೆ ಬಂದ ಕೂಡಲೇ ಹೆಂಡತಿ ಕುಡಿಯಲು ಆಸರಿಗೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದಳು: "ಕಂಡ್ತಾ?" ನಾನು "ಇಲ್ಲೆ" ಅನ್ನುತ್ತಿದ್ದೆ. ಅವಳು "ಒಳ್ಳೇದಾತು" ಅನ್ನುತ್ತಿದ್ದಳು. ಆ ಒಳ್ಳೇದಾತು ಎಷ್ಟು ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಕಂಬಳಿಯನ್ನು ಅವಳು ಒಗೆಯಲು ಬಿಡಲಿಲ್ಲ. ಅದು ಹರಿದು ತೂತಾದರೂ ನಾನು ಅದನ್ನೇ ಹೊದ್ದು ಕಾಡಿಗೆ ಹೋಗುತ್ತಿದ್ದೆ.

ನಿವೃತ್ತಿಗೆ ಇನ್ನು ಸ್ವಲ್ಪವೇ ಸಮಯ ಇತ್ತು. ಒಂದು ಮಧ್ಯಾಹ್ನ ಒಳಕಾಡಿನ ತಿರುವಿನಲ್ಲಿ ಹೋಗುತ್ತಿದ್ದೇನೆ, ಎದುರಿಗೇ ಕರಡಿ! ದೊಡ್ಡದು. ಬೆನ್ನ ಮೇಲೆ ಒಂದರ ಹಿಂದೆ ಒಂದು ಎರಡು ಮರಿ. ಮರಿ ಇರುವ ತಾಯಿ ಕರಡಿ ಎದುರಾದರೆ ಏನಾಗುತ್ತದೆ ಅಂತ ಕಾಡಿನವರಿಗೆ ಯಾರೂ ಹೇಳಬೇಕಾಗಿಲ್ಲ. ಅದು ಗರ್ಜಿಸಿ ನುಗ್ಗಿತು. ನಾನು ಕಂಬಳಿ ಬಿಸಾಡಿ ಹತ್ತಿರದ ಮರಕ್ಕೆ ಹಾರಿದೆ. ಆ ಹೊಟ್ಟೆ ಇಟ್ಟುಕೊಂಡು ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ಮೇಲೆ ಕೂತು ಉಸಿರು ಬಿಟ್ಟ ಮೇಲೆ ನೋಡುತ್ತೇನೆ, ನೇರಲೆ ಮರ.

ಕರಡಿ ಬಂದು ಬುಡಕ್ಕೆ ಎರಡೂ ಕೈ ಕೊಟ್ಟು ಎದ್ದು ನಿಂತಿತು. ಎದೆಯ ಬಿಳಿ ಗೆರೆ ನನ್ನ ಕಣ್ಣಿಗೆ ನೆಟ್ಟಗೆ ಕಂಡಿತು. ಎಡಗಡೆ ಪೂರ್ತಿ. ಬಲಗಡೆ ಅರ್ಧ.

ಜೀವ ಬಾಯಿಗೆ ಬಂದಿತ್ತು, ಅದರ ಜೊತೆಗೆ "ಕೂಸೇ" ಅನ್ನುವ ಮಾತೂ ಬಾಯಿಗೆ ಬಂದಿತ್ತು. ಎಷ್ಟು ವರ್ಷದಿಂದ ಕೂಗಬೇಕು ಅಂತಿದ್ದ ಮಾತು! ಕೂಗಿದರೆ ಗುರುತು ಹಿಡಿಯಬಹುದು. ಗುರುತು ಹಿಡಿದರೆ ಇನ್ನೊಬ್ಬ ಮನುಷ್ಯನ ಹತ್ತಿರವೂ ಹೀಗೇ ಹೋಗಬಹುದು, ಬೆನ್ನ ಮೇಲೆ ಮಕ್ಕಳನ್ನು ಇಟ್ಟುಕೊಂಡು. ನಾನು ತುಟಿ ಕಚ್ಚಿ ಹಿಡಿದೆ. ಒಂದು ಕಡೆ ಇದು, ಇನ್ನೊಂದು ಕಡೆ, ಈ ಮಹಾತಾಯಿಗೆ ನೇರಲೆ ಮರ ಹತ್ತುವುದನ್ನು ಕಲಿಸಿದವನು ನಾನೇ ಅನ್ನುವುದೂ ನೆನಪಾಗಿ ಇನ್ನೊಂದು ಕೊಂಬೆ ಮೇಲಕ್ಕೆ ಸರಿದೆ.

ಹತ್ತಲಿಲ್ಲ. ಉಫ್ ಅಂತ ಒಂದು ಸಲ ಊದಿ, ಇಳಿದು, ಕಂಬಳಿಯ ಹತ್ತಿರ ಹೋದಳು. ಮೂಸಿದಳು. ಬಹಳ ಹೊತ್ತು ಮೂಸಿದಳು. ಮರಿಗಳು ಬೆನ್ನಿಂದ ಇಳಿದು ಕಂಬಳಿಯ ಮೇಲೆ ಹೊರಳಿದವು. ಆಮೇಲೆ ಅವಳು ಕಂಬಳಿಯ ತುದಿ ಬಾಯಲ್ಲಿ ಕಚ್ಚಿಕೊಂಡು ಎಳೆಯುತ್ತಾ ಹೊರಟಳು. ಒಂದು ಮರಿ ಬೆನ್ನೇರಿತು. ಇನ್ನೊಂದು, ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುವ ಮಕ್ಕಳ ಹಾಗೆ, ಕಂಬಳಿಯ ಮೇಲೇ ಗಟ್ಟಿಯಾಗಿ ಕೂತು ಸವಾರಿ ಹೋಯಿತು.

ನೆಲದ ಮೇಲೆ ಯಾವತ್ತೂ ಸಿಗದ ನೆಟ್‌ವರ್ಕ್ ಮರದ ಮೇಲೆ ಸಿಕ್ಕಿತು. ಹೆಂಡತಿಗೆ ಫೋನ್ ಮಾಡಿದೆ.

"ಕಂಡ್ತು" ಅಂದೆ.

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. "ಗುರುತು ಹಿಡದ್ತಾ?"

"ಇಲ್ಲೆ. ಅಟ್ಟಿಸ್ಕಂಡು ಬಂತು. ಮರ ಹತ್ತಿ ಕೂತಿದ್ದಿ."

"ಒಳ್ಳೇದಾತು" ಅಂದಳು. ಈ ಸಲ ಸುಳ್ಳಿರಲಿಲ್ಲ, ಆದರೆ ದನಿ ಒದ್ದೆಯಾಗಿತ್ತು. "ಪಾಸಾತು ಬಿಡಿ ನಮ್ಮ ಕೂಸು."

"ಎರಡು ಮರಿ ಇದ್ದು. ಕಂಬಳಿ ಕಚ್ಕಂಡು ಹೋತು."

ಆ ಕಡೆ ಅವಳು ಮೂಗೆಳೆದಳು. ಅಳುತ್ತಿದ್ದಾಳೆ ಅಂತ ನಾನೂ ಮರದ ಮೇಲೆ ಕಣ್ಣೊರೆಸಿಕೊಂಡೆ. ಆಮೇಲೆ ಕೇಳಿದಳು: "ಯಾವ ಕಂಬಳಿ? ಆ ಹಳೇದಾ? ಹರಿದು ತೂತಾಗಿದ್ದಾ?"

"ಹೌದು."

"ಅಯ್ಯೋ ದೇವ್ರೇ! ಚೊಚ್ಚಲ ಬಾಳಂತಿ ಮಗಳಿಗೆ ತವರುಮನೆಂದ ಹರಕು ಕಂಬಳಿ ಕೊಟ್ಟು ಕಳಿಸಿದ್ರಾ? ಬೀಗರ ಮನೇಲಿ ಎಂತ ತಿಳ್ಕಂಗು?"

"ಮೊದಲು ಏಣಿ ಕಳಿಸು ಮಾರಾಯ್ತಿ" ಅಂದೆ.

ಮುಂದಿನ ವಾರದ ಸಂತೆಗೆ ಅವಳು ಯಲ್ಲಾಪುರಕ್ಕೆ ಹೊರಟು ನಿಂತಳು. ಬಸ್ಸಿನಲ್ಲಿ ನಾನು ತಿಳಿಹೇಳಿದೆ: ಕಾಡುಪ್ರಾಣಿಗೆ ನಾವು ಏನೂ ಕೊಡುವಂತಿಲ್ಲ. "ಕೊಡ್ಲಾಗ ಹೇಳಿ ಆನೂ ಬಲ್ಲೆ. ತಗಳ್ಲಾಗ ಹೇಳಿ ರೂಲ್ ಇಲ್ಲೆ ಅಲ್ದಾ?" ಅಂದಳು. ಹಾಗೆ ತಂದ ಕಂಬಳಿ ಇವತ್ತಿಗೂ ನಮ್ಮ ಮನೆಯ ಗೂಟದಲ್ಲಿ ಮಡಿಕೆ ಬಿಚ್ಚದೆ ನೇತಾಡುತ್ತಿದೆ. ಯಾರೂ ಹೊದೆಯುವಂತಿಲ್ಲ.

ಆ ದಿನ ಕಂಬಳಿ ಮಾರುವವನ ಎದುರು ಅವಳು ರಾಶಿಯನ್ನೆಲ್ಲ ಹಾಸಿ ಎಳೆದು ಜಗ್ಗಿ ನೋಡಿದಳು. ಅವನಿಗೆ ತಾಳ್ಮೆ ತಪ್ಪಿತು. "ಯಾರಿಗ್ರೀ ಅಕ್ಕಾರ?"

"ಮಗಳ ಬಾಳಂತನಕ್ಕೆ" ಅಂದಳು ನನ್ನ ಹೆಂಡತಿ. ಇಷ್ಟು ವರ್ಷದ ಸಂಸಾರದಲ್ಲಿ ಹೊರಗಿನವರ ಎದುರು ಅವಳ ಬಾಯಲ್ಲಿ ಮಗಳು ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

"ಹಂಗಾರ ಇದು ಬ್ಯಾಡ್ರಿ, ಕೂಸುಗಳಿಗೆ ಚುಚ್ಚತೈತಿ. ಮೆತ್ತನ್ನ ಶಾಲು ಒಯ್ರಿ."

"ಚುಚ್ತಿಲ್ಲೆ. ಎರಡೂ ಮಕ್ಕೊಗೆ ಮೈತುಂಬ ಕೂದ್ಲು ಇದ್ದು."

ಅವನು ಗಾಬರಿಯಾಗಿ ಅವಳನ್ನು ನೋಡಿದ. ಆಮೇಲೆ ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿದ. ಅರ್ಧ ತೋಳಿನ ಅಂಗಿಯಲ್ಲಿ ನನ್ನ ಕೈ, ಆಮೇಲೆ ಕಿವಿ, ಆಮೇಲೆ ಅಂಗಿಯ ಗುಂಡಿ ಬಿಟ್ಟ ಎದೆ, ಎಲ್ಲವನ್ನೂ ಮೇಲಿಂದ ಕೆಳಗೆ ಸಾವಕಾಶ ನೋಡಿದ. ಅವನ ಮುಖ ನಿರಾಳವಾಯಿತು.

"ಹಂಗನ್ರಿ ಮತ್ತ. ಅಜ್ಜನ್ನ ಹೋಲ್ತಾವ."